ನಿಂಬೆಹಣ್ಣು ಹೊತ್ತ ರಾಕೆಟ್

ಆ ದಿನಗಳಲ್ಲಿ ಮಾನ್ವಿಯ ನಮ್ಮ ಓಣಿಯವರು ತಲೆ ಎತ್ತಿ ಆಕಾಶ ನೋಡುತ್ತಿದ್ದುದು ಎರಡೇ ಕಾರಣಕ್ಕೆ. ಅಂಗಳದಲ್ಲಿ ಒಣಹಾಕಿದ ನೆಲ್ಲು ಮಳೆಗೆ ಸಿಕ್ಕೀತೇನೋ ಎಂದು, ಇಲ್ಲವೇ ಸಂಕಷ್ಟಿಯ ದಿನ ಚಂದ್ರ ಬಂದನೇನೋ ಎಂದು. ಮೂರನೆಯ ಕಾರಣ ತಂದವಳು ನಾನು. ಆಗ ಏಳನೇ ತರಗತಿಯಲ್ಲಿದ್ದೆ.

ರಾಯಚೂರಿನಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನ ಇತ್ತು. ನಮ್ಮ ಶಾಲೆಯಿಂದ ಒಬ್ಬರು ಹೋಗಬಹುದು ಅಂದಿದ್ದರು ಮಾಸ್ತರು. ಹಿಂದುಮುಂದು ನೋಡದೆ ಕೈ ಎತ್ತಿ, "ನಾ ರಾಕೆಟ್ ಮಾಡ್ತೀನ್ರೀ" ಅಂದುಬಿಟ್ಟೆ. ಮನೆಯಲ್ಲಿ ಹೇಳಿದಾಗ ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಮೊದ್ಲ ಅದು ಕಾಲುವಿ ದಂಡಿ ಬೇವಿನಗಿಡ ದಾಟ್ಲಿ. ದಾಟಿದ್ರ ರಾಯಚೂರು. ಇಲ್ಲಂದ್ರ ಸುಮ್ನ ಮನ್ಯಾಗ ಕುಂದ್ರು."

ಅಲ್ಲಿಯವರೆಗೆ ನಾನು ರಾಯಚೂರು ಕಂಡದ್ದು ಒಮ್ಮೆ ಮಾತ್ರ, ಅಜ್ಜಿಯ ಮೊಣಕಾಲಿನ ಎಕ್ಸ್‌ರೇ ತೆಗೆಸಲು ಹೋದಾಗ. ಆ ಊರಿನ ಆಸೆ ನನಗೆ ಎಷ್ಟಿತ್ತೆಂದರೆ, ದಿನಾ ದೇವರಿಗೆ ಒಂದು ನಮಸ್ಕಾರ ಹೆಚ್ಚಿಗೆ ಹಾಕತೊಡಗಿದೆ.

ಅಮ್ಮನ ತಮ್ಮ ಬಸಣ್ಣ ಮಾಮಾ ಶಕ್ತಿನಗರದಲ್ಲಿ ಮೆಕ್ಯಾನಿಕ್. ರಜೆಗೆ ಬಂದಿದ್ದವರು ನನ್ನ ಕಡೆ ನಿಂತರು. "ಬೆಂಕಿ ಬ್ಯಾಡ, ಮದ್ದು ಬ್ಯಾಡ. ಬಾಟ್ಲ್ಯಾಗ ನೀರು ಹಾಕಿ ಗಾಳಿ ತುಂಬೋಣು. ನೀರು ಹಿಂದ ಓಡ್ತದ, ಬಾಟ್ಲಿ ಮುಂದ ಓಡ್ತದ. ಇಷ್ಟ ನೋಡು" ಅಂದರು. ತಂಪು ಪಾನೀಯದ ಖಾಲಿ ಬಾಟಲಿ ಬೀಡಾ ಅಂಗಡಿಯಲ್ಲಿ ಸಿಕ್ಕಿತು, ಅದೂ ಒಂದೇ. ರಬ್ಬರ್ ಬಿರಡೆಗೆ ತೂತು ಕೊರೆದು ಹಳೆಯ ಸೈಕಲ್ ಟ್ಯೂಬಿನ ವಾಲ್ವ್ ಕೂಡಿಸಿದೆವು. ಲಗ್ನಪತ್ರಿಕೆಯನ್ನು ಸುರುಳಿ ಸುತ್ತಿ ಮೂತಿ ಮಾಡಿದೆವು. ಅದರಲ್ಲಿ ಇನ್ನೂ ಅರಿಶಿನದ ವಾಸನೆ ಇತ್ತು. ರೆಕ್ಕೆಗೆ ಮಾತ್ರ ಏನೂ ಸಿಗಲಿಲ್ಲ. ರಟ್ಟು ನೀರಿಗೆ ನೆನೆಯುತ್ತಿತ್ತು. ಆಗ ನನ್ನ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಎಕ್ಸ್‌ರೇ ಮೇಲೆ ಬಿತ್ತು.

"ಅಜ್ಜೀ, ನಿನ್ನ ಮೊಣಕಾಲು ಬೇಕಿತ್ತು."

"ಎದಕ್ಕ ಬೇ?"

"ರೆಕ್ಕಿಗೆ."

"ನೆಲದ ಮ್ಯಾಲಂತೂ ನಡೀವಲ್ದು, ಮ್ಯಾಲರ ಹಾರ್ಲಿ. ತಗೋ" ಅಂದಳು ಅಜ್ಜಿ.

ಭಾನುವಾರ ಬೆಳಿಗ್ಗೆ ಕಾಲುವೆ ಪಕ್ಕದ ಗದ್ದೆಗೆ ಹೋದೆವು. ನೆಲ್ಲು ಕೊಯ್ದು ವಾರವಾಗಿತ್ತು. ಕೂಳೆಯ ಹಸಿ ವಾಸನೆ, ಕಾಲಿಗೆ ಚುಚ್ಚುವ ಕಡ್ಡಿ. ಓಣಿಯ ಅರ್ಧ ಜನ ಬದುವಿನ ಮೇಲೆ ನಿಂತಿದ್ದರು. ಇಟ್ಟಂಗಿಗಳ ನಡುವೆ ರಾಕೆಟ್ ನಿಲ್ಲಿಸಿದೆವು. ಅಷ್ಟರಲ್ಲಿ ಅಜ್ಜಿ ಕೋಲೂರುತ್ತ ಬಂದಳು. ಕೈಯಲ್ಲಿ ದಾರಕ್ಕೆ ಪೋಣಿಸಿದ ನಿಂಬೆಹಣ್ಣು, ಹಸಿಮೆಣಸಿನಕಾಯಿ. ನಮ್ಮ ಮನೆಗೆ ಹೊಸ ಸೈಕಲ್ ಬಂದರೂ ಅದನ್ನು ಕಟ್ಟದೆ ಹೊರಗೆ ಬಿಡುತ್ತಿರಲಿಲ್ಲ.

"ಇಷ್ಟು ಮಂದಿ ಕಣ್ಣು ಬೀಳ್ತಾವ ಕೂಸಿನ ಮ್ಯಾಲ" ಎಂದು ಹೇಳಿ, ರಾಕೆಟ್ಟಿನ ಒಂದು ರೆಕ್ಕೆಗೆ ಕಟ್ಟಿಯೇಬಿಟ್ಟಳು. ಮಾಮಾ ಬಾಯಿ ತೆರೆದರು. ಅಕ್ಕನ ಅತ್ತೆಗೆ ಎದುರಾಡಬಾರದೆಂದು ಮುಚ್ಚಿಕೊಂಡರು.

ನಾನು ಪಂಪು ಹೊಡೆದೆ. ಬಿರಡೆ ಹಾರಿತು. ರಾಕೆಟ್ ಆಳೆತ್ತರ ಎದ್ದು, ನಿಂಬೆಹಣ್ಣಿನ ಕಡೆಗೆ ವಾಲಿ, ಗಿರಗಿರ ತಿರುಗಿ ನೇರ ಅಪ್ಪನ ಕಡೆ ನುಗ್ಗಿತು. ಇಸ್ತ್ರಿ ಮಾಡಿದ ಅವರ ಬಿಳಿ ಧೋತರ ಒದ್ದೆಯಾಗಿ ಮೈಗಂಟಿತು. ಬದುವಿನ ಮೇಲಿನವರು ನಕ್ಕ ನಗೆ ಊರಿಗೇ ಕೇಳಿಸಿರಬೇಕು.

"ಆತಲ್ಲ ರಾಯಚೂರು?" ಅಂದರು ಅಪ್ಪ.

ನನಗೆ ಅಳು ಬಂತು. "ಎಲ್ಲಾ ನಿನ್ನ ನಿಂಬಿಹಣ್ಣಿಂದ ಅಜ್ಜೀ!"

"ಹಿಂದ, ಅದೂ ಒಂದ ಕಡೀಗೆ ಭಾರ ಆತ್ರೀ ಅತ್ತೀ" ಎಂದರು ಮಾಮಾ ಮೆಲ್ಲಗೆ. "ಭಾರ ಮುಂದ ಇದ್ರನ ನೆಟ್ಟಗ ಹೋಗ್ತದ."

"ಭಾರ ಗೀರ ನಂಗ ಗೊತ್ತಿಲ್ಲ. ನಿಂಬಿಹಣ್ಣಿಲ್ದ ಹಾರ್ಸಾಕ ನಾ ಬಿಡಂಗಿಲ್ಲ."

ಇಬ್ಬರ ನಡುವೆ ನನ್ನ ರಾಯಚೂರು ಸಾಯುತ್ತಿತ್ತು. ಮೂಗು ಒರೆಸಿಕೊಳ್ಳುತ್ತಿರುವಾಗ ತಟ್ಟನೆ ಹೊಳೆಯಿತು. "ಮಾಮಾ, ಹಂಗಾರ ನಿಂಬಿಹಣ್ಣ ಮೂತ್ಯಾಗ ಇಟ್ರ?"

ಮಾಮಾ ನನ್ನನ್ನೇ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. ಅಪ್ಪ ಧೋತರ ಹಿಂಡುತ್ತ, "ಇದೊಂದ ಸಲ" ಅಂದರು. ರೆಕ್ಕೆಗೆ ಕಟ್ಟಿದ್ದ ಹಣ್ಣು ಬಿದ್ದ ಪೆಟ್ಟಿಗೆ ಒಡೆದಿತ್ತು. ಅಜ್ಜಿ ತಾನೇ ಕುಂಟುತ್ತ ಮನೆಗೆ ಹೋಗಿ, ದೇವರ ಮುಂದಿಟ್ಟಿದ್ದ ನಿಂಬೆಹಣ್ಣು ತಂದಳು. ಅದನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ, ಲಗ್ನಪತ್ರಿಕೆಯ ಮೂತಿಯೊಳಗೆ ಬಿಗಿಯಾಗಿ ಕೂಡಿಸಿ, ಟೇಪು ಸುತ್ತಿ, ಬಾಟಲಿಗೆ ಮತ್ತೆ ನೀರು ಹಾಕಿದೆವು.

ಇಪ್ಪತ್ತು ಸಲ ಪಂಪು ಒತ್ತಿದ್ದೆನೋ ಏನೋ, ಫುಸ್ಸೆಂದು ನೀರು ಮುಖಕ್ಕೆ ಬಡಿಯಿತು. ಕಣ್ಣುಜ್ಜಿಕೊಂಡು ನೋಡಿದರೆ ಇಟ್ಟಂಗಿಯ ನಡುವೆ ಏನೂ ಇಲ್ಲ! ಎಲ್ಲರ ಕತ್ತೂ ಮೇಲಾಗಿತ್ತು. ಬೇವಿನಗಿಡ ದಾಟಿ, ಗಿಡದ ಮೇಲಿನ ಕಾಗೆ ದಾಟಿ, ನೆಟ್ಟಗೆ, ದಾರ ಹಿಡಿದು ಎಳೆದಂತೆ ಹೋಗುತ್ತಿತ್ತು. ರೆಕ್ಕೆ ಬಿಸಿಲಿಗೆ ನೀಲಿಯಾಗಿ ಮಿಂಚಿತು.

"ನನ್ನ ಮೊಣಕಾಲು ಹೊಂಟತು ನೋಡ್ರೋ!" ಎಂದು ಅಜ್ಜಿ ಕೋಲು ಬಿಟ್ಟು ಎರಡೂ ಕೈ ಮುಗಿದಳು. ಕೋಲಿಲ್ಲದೆ ನಿಂತಿದ್ದೇನೆಂಬುದು ಅವಳಿಗೇ ತಿಳಿಯಲಿಲ್ಲ.

ರಾಕೆಟ್ ದೂರದ ಹುಲ್ಲಿನ ಬಣವೆಯ ಮೇಲೆ ಬಿತ್ತು. ಓಡಿಹೋಗಿ ತಂದೆ. ಮೂತಿ ಜಜ್ಜಿತ್ತು, ನಿಂಬೆಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಪ್ಪ ಶಾಬಾಶ್ ಎನ್ನಲಿಲ್ಲ. ಮಾಮಾನ ಕಡೆ ತಿರುಗಿ ಕೇಳಿದರು: "ರಾಯಚೂರಿಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗದ?"

ಅಂದು ಅಜ್ಜಿ ಮಂಡಾಳ ಒಗ್ಗರಣೆ ಮಾಡಿ, ಆ ಮಂಡಕ್ಕಿಗೆ ಅದೇ ಹಣ್ಣು ಹಿಂಡಿದಳು. "ದೇವ್ರ ಹತ್ರ ಹೋಗಿ ಬಂದದ, ಚೆಲ್ಲಬ್ಯಾಡ್ರಿ" ಎಂದು ಎಲ್ಲರಿಗೂ ಪ್ರಸಾದದಂತೆ ಹಂಚಿದಳು. ರಾಯಚೂರಿನಲ್ಲಿ ನನಗೆ ಬಹುಮಾನ ಬರಲಿಲ್ಲ. ಆದರೆ ಅಪ್ಪ ಇಡೀ ದಿನ ನನ್ನ ರಾಕೆಟ್ ಎದೆಗೊತ್ತಿ ಹಿಡಿದುಕೊಂಡು ತಿರುಗಿದರು. ಅಷ್ಟು ಕೊಟ್ಟ ದೇವರನ್ನು ಇನ್ನೂ ಏನು ಕೇಳಲಿ?

ಈಗ ನಾನು ರಾಯಚೂರಿನಲ್ಲೇ ಸಂಸಾರ ಮಾಡಿಕೊಂಡಿದ್ದೇನೆ. ಗದ್ದೆಯಿದ್ದಲ್ಲಿ ಪ್ಲಾಟುಗಳಾಗಿವೆ, ಬೇವಿನಗಿಡ ಇಲ್ಲ, ಅಜ್ಜಿಯೂ ಇಲ್ಲ. ಮೊನ್ನೆ ಮಗಳು ಶಾಲೆಗೆಂದು ರಾಕೆಟ್ಟಿನ ಡಬ್ಬಿ ತರಿಸಿದಳು. ರೆಕ್ಕೆ, ಮೂತಿ ಎಲ್ಲ ಸಿದ್ಧವಾಗಿ ಬಂದಿದ್ದವು. ಮೂತಿಯಲ್ಲಿಡುವ ಭಾರಕ್ಕೂ ಒಂದು ಮಣ್ಣುಂಡೆ ಇತ್ತು. ಒಳ್ಳೆಯದೇ, ಚೆನ್ನಾಗಿಯೇ ಹಾರಿತು. ಕೆಳಗಿಳಿದ ಮೇಲೆ ಕೈಗೆತ್ತಿಕೊಂಡು ನೋಡಿದೆ. ಅದರಲ್ಲಿ ಯಾರ ಮೊಣಕಾಲೂ ಇರಲಿಲ್ಲ. ಒಗ್ಗರಣೆಗೆ ಹಿಂಡಲು ಏನೂ ಇರಲಿಲ್ಲ.