ಹಲಗೆ ಖಾಲಿಯಾಗುವ ತನಕ ಕಾಫಿ ಮುಟ್ಟದ ಎರ್ಮೆಲಿಂದಾ

ಬೆಳಗಿನ ಐದೂವರೆ. ಅಮೆರಿಕದ ಗಡಿಗೆ ಅಂಟಿದ ಮೆಕ್ಸಿಕೋದ ಟಿಹುವಾನ ನಗರದ ಉತ್ತರ ವಲಯದಲ್ಲಿ ಬಾರುಗಳ ಕೆಂಪು, ನೇರಳೆ ದೀಪಗಳು ಇನ್ನೂ ಆರಿಲ್ಲ. ಬಾಗಿಲ ಮುಂದೆ ಬಕೆಟ್ಟುಗಟ್ಟಲೆ ಸೋಪಿನ ನೀರು ಸುರಿದು ಉಜ್ಜುವ ಪೊರಕೆಗಳ ಸದ್ದು ಬೀದಿಯುದ್ದಕ್ಕೂ ಕೇಳುತ್ತಿದೆ. ಮೂಲೆಯ ಔಷಧಿ ಅಂಗಡಿಯ ಗೋಡೆಗೆ ಒರಗಿ ನಿಂತ ತಳ್ಳುಗಾಡಿಯಲ್ಲಿ ಎರ್ಮೆಲಿಂದಾ ಒಸುನಾ ಮಣ್ಣಿನ ಮಡಕೆಯ ಮುಚ್ಚಳ ತೆಗೆಯುತ್ತಾರೆ. ಚಕ್ಕೆ, ಬೆಲ್ಲ ಹಾಕಿ ಕುದಿಸಿದ ಕಾಫಿಯ ಹಬೆ ಅವರ ಕನ್ನಡಕವನ್ನು ಮುಚ್ಚುತ್ತದೆ. ಕನ್ನಡಕ ಒರೆಸಿಕೊಂಡು ಅವರು ಮೊದಲು ನೋಡುವುದು ಗಿರಾಕಿಯನ್ನಲ್ಲ, ಗೋಡೆಯ ಮೇಲಿನ ಹಲಗೆಯನ್ನು.

ಹಲಗೆಯಲ್ಲಿ ಮೂವತ್ತಾರು ಮೊಳೆಗಳಿವೆ. ಒಂದೊಂದಕ್ಕೂ ಒಂದೊಂದು ತಗಡಿನ ಲೋಟ. ಲೋಟಗಳ ಮೇಲೆ ಉಗುರಿನ ಬಣ್ಣದಲ್ಲಿ ಹೆಸರು ಬರೆದಿದೆ. ಈ ಬೀದಿಯಲ್ಲಿ ದುಡಿಯುವ ಹೆಣ್ಣುಮಕ್ಕಳು ಸಂಜೆ ಕೆಲಸಕ್ಕೆ ಇಳಿಯುವ ಮುನ್ನ ತಮ್ಮ ತಮ್ಮ ಲೋಟವನ್ನು ಮೊಳೆಗೆ ತಗುಲಿಸಿ ಹೋಗುತ್ತಾರೆ. ಬೆಳಗ್ಗೆ ಕೆಲಸ ಮುಗಿಸಿ ಬಂದು ತಾವೇ ಇಳಿಸುತ್ತಾರೆ, ಕಾಫಿ ಕುಡಿಯುತ್ತಾರೆ, ಲೋಟವನ್ನು ತೊಳೆಯುವ ಬಕೆಟ್ಟಿಗೆ ಹಾಕಿ ಮನೆಗೆ ನಡೆಯುತ್ತಾರೆ. ಮೊಳೆಯಲ್ಲಿ ಲೋಟ ತೂಗುತ್ತಿದೆ ಎಂದರೆ ಅದರ ಒಡತಿ ಇನ್ನೂ ಎಲ್ಲೋ ಒಂದು ಕೋಣೆಯೊಳಗಿದ್ದಾಳೆ ಎಂದರ್ಥ. ಒಬ್ಬರ ಲೋಟವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇದೊಂದೇ ಕಟ್ಟುಪಾಡು.

"ದೋನ್ಯಾ ಎರ್ಮೆ, ಇವತ್ತು ಬೆಲ್ಲ ಹಾಕೋಕೆ ಮರೆತ್ರಾ, ಇಲ್ಲ ನನ್ನ ಮುಖ ನೋಡಿ ಕಾಫಿನೇ ಕಹಿ ಆಯ್ತಾ?" ಎಂದು ತನ್ನ ಲೋಟ ಇಳಿಸುತ್ತಾ ಒಬ್ಬಳು ಕೆಣಕುತ್ತಾಳೆ. ದೋನ್ಯಾ ಎಂದರೆ ಇಲ್ಲಿನವರ ಬಾಯಲ್ಲಿ ಅಮ್ಮಾವ್ರು.

"ನಿನ್ನ ಮುಖಕ್ಕೆ ಬೆಲ್ಲ ಎಷ್ಟು ಹಾಕಿದ್ರೂ ಸಾಲಲ್ಲ ಕಣೇ. ಕುಡಿ, ಕುಡಿದು ಮನೆಗೆ ಹೋಗಿ ಮಲ್ಕೊ."

ಆರೂವರೆಯ ಹೊತ್ತಿಗೆ ಮೊಳೆಗಳು ಒಂದೊಂದಾಗಿ ಬರಿದಾಗುತ್ತವೆ. ಏಳಕ್ಕೆ ಒಂದೇ ಲೋಟ ಉಳಿಯುತ್ತದೆ. ಹಸಿರು ಲೋಟ, ಅಂಚಿನಲ್ಲಿ ಬಣ್ಣ ಎದ್ದು ಹೋಗಿದೆ. ಹೆಸರು ನೆರೇಯ್ದಾ.

ಎರ್ಮೆಲಿಂದಾ ಸೌಟನ್ನು ಮಡಕೆಯ ಅಂಚಿಗೆ ಎರಡು ಸಲ ತಟ್ಟುತ್ತಾರೆ. ಅಷ್ಟೇ.

ಅವರಿಗೀಗ ಅರವತ್ತೊಂದು. ಸಿನಲೋವಾದ ಹಳ್ಳಿಯೊಂದರಿಂದ ಗಡಿ ದಾಟುವ ಆಸೆಯಲ್ಲಿ ಬಂದವರು ಗಡಿಯ ಈಚೆಗೇ ಉಳಿದುಬಿಟ್ಟರು. ಮೊದಲ ಹದಿನಾಲ್ಕು ವರ್ಷ ಈ ಬೀದಿಯ ಹೋಟೆಲುಗಳಲ್ಲಿ ಹಾಸಿಗೆ ಬಟ್ಟೆ ಬದಲಾಯಿಸುವ ಕೆಲಸ. ಆಮೇಲಿನ ಹತ್ತೊಂಬತ್ತು ವರ್ಷ ಈ ಗಾಡಿ. ಎರಡೂವರೆಗೆ ಎದ್ದು, ಹದಿನೈದು ಲೀಟರಿನ ಎರಡು ಮಡಕೆ ಕಾಯಿಸಿ, ಗುಡ್ಡದ ಮೇಲಿನ ಮನೆಯಿಂದ ಮುಕ್ಕಾಲು ಗಂಟೆ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದಿಟ್ಟುಕೊಂಡು ಬರಬೇಕು. ಎಡ ಮಂಡಿಯಲ್ಲಿ ನೀರು ತುಂಬಿದೆ. ಸಂಜೆ ಆರಕ್ಕೆ ಮತ್ತೆ ಬರುತ್ತಾರೆ, ಲೋಟ ತಗುಲಿಸಿಕೊಳ್ಳಲು. ಆ ಹೊತ್ತಿನಲ್ಲಿ ಕಾಫಿ ಇರುವುದಿಲ್ಲ. "ಬರೀ ಮುಖ ನೋಡೋಕೆ ಬರೋದು" ಎನ್ನುತ್ತಾರೆ. "ಯಾರು ಯಾವ ಬಟ್ಟೆ ಹಾಕಿದ್ಲು ಅಂತ ನೆನಪಿಟ್ಕೋಬೇಕಲ್ಲ."

ಯಾಕೆ ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನಾನು ಕೇಳುವುದಿಲ್ಲ.

ಗಾಡಿಯ ಮುಂದೆ ಇಬ್ಬರು ಹುಡುಗರು ನಿಲ್ಲುತ್ತಾರೆ. ಗಡಿಯಾಚೆಯಿಂದ ಮೊದಲ ಸಾಲಿನಲ್ಲೇ ದಾಟಿ ಬಂದವರು. ಹೊಸ ಬೂಟು, ಕುತ್ತಿಗೆಯಲ್ಲಿ ಕ್ಯಾಮೆರಾ. ಈ ಬೀದಿಗೆ ಬರುವವರಿಗೆ ಬೆಳಗೂ ಒಂದೇ, ರಾತ್ರಿಯೂ ಒಂದೇ. ಅವರು ಕಾಫಿ ಕೇಳಿದರೆ ಎರ್ಮೆಲಿಂದಾ ಜೊತೆಗೆ ಬುದ್ಧಿಮಾತನ್ನೂ ಸುರಿಯುತ್ತಾರೆ. ಬೇಡ ಎಂದವರಿಗೂ ಬಿಡುವುದಿಲ್ಲ.

"ಬಿಳಿಯಣ್ಣ, ಪಾಸ್‌ಪೋರ್ಟ್ ಎಲ್ಲಿದೆ? ಜೇಬಲ್ಲಾ? ಅಯ್ಯೋ ದೇವರೇ. ರೂಮಿನ ಪೆಟ್ಟಿಗೇಲಿಟ್ಟು ಬೀಗ ಹಾಕು, ನಕಲು ಇಟ್ಕೊಂಡು ಓಡಾಡು. ದುಡ್ಡು ಎರಡು ಜೇಬಲ್ಲಿ ಹಂಚ್ಕೊ. ಕೂರೋಕೆ ಮುಂಚೆ ಎಲ್ಲದರ ರೇಟು ಕೇಳು, ಕೂತ ಮೇಲೆ ಕೇಳಿದ್ರೆ ಅದು ಬೇರೇನೇ ರೇಟು. ಬಾಟ್ಲಿ ನಿನ್ನ ಕಣ್ಣ ಮುಂದೇನೇ ತೆಗೀಬೇಕು. ಗ್ಲಾಸು ಬಿಟ್ಟು ಎದ್ದು ಹೋದ್ಯಾ, ಬಂದು ಅದನ್ನ ಕುಡೀಬೇಡ. 'ಬನ್ನಿ ಅಣ್ಣ, ಒಳ್ಳೆ ಜಾಗ ತೋರಿಸ್ತೀನಿ' ಅಂತ ತೋಳು ಹಿಡಿದೋನ ಹಿಂದೆ ಹೋಗ್ಬೇಡ. ಟ್ಯಾಕ್ಸಿ ಸ್ಟ್ಯಾಂಡಿಂದಾನೇ ಹತ್ತು, ನಂಬರ್ ಬರ್ಕೊ. ಯಾರು ನಿಲ್ಲಿಸಿದ್ರೂ ಬೆಳಕಲ್ಲಿ ನಿಂತು ಮಾತಾಡು."

"ಕ್ಯಾಮೆರಾ?" ಎಂದು ಹುಡುಗ ಕೇಳುತ್ತಾನೆ.

"ಅದನ್ನ ಚೀಲಕ್ಕೆ ಹಾಕು. ಈ ಹುಡುಗೀರಿಗೂ ಊರಲ್ಲಿ ಅಮ್ಮ ಇರ್ತಾಳೆ. ಬೇಡ ಅಂದ್ಲಾ, ಅಲ್ಲಿಗೆ ಮುಗೀತು, ಎರಡನೇ ಸಲ ಕೇಳೋದಿಲ್ಲ. ಕೊನೇ ಮಾತು, ಕಿವಿಗೊಟ್ಟು ಕೇಳು. ಒಳಗೆ ಹೆದರಿದ ಮುಖ ಕಂಡ್ರೆ, ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ, ಎದ್ದು ಬಂದು ನನಗೆ ಹೇಳು. ನಿನ್ನ ಹೆಸರು ಕೇಳಲ್ಲ, ನೀನು ಇಲ್ಲಿಗೆ ಯಾಕೆ ಬಂದಿದ್ದೆ ಅಂತಾನೂ ಕೇಳಲ್ಲ."

ಇದನ್ನೆಲ್ಲ ಹೇಳುವಾಗ ಅವರ ಕಣ್ಣು ಹುಡುಗರ ಮೇಲಿಲ್ಲ, ಹಸಿರು ಲೋಟದ ಮೇಲಿದೆ. ಹುಡುಗರು ನಗುತ್ತಾ ಹೋಗುತ್ತಾರೆ.

ಕೆಲಸ ಮುಗಿಸಿಯೂ ಮನೆಗೆ ಹೋಗದೆ ಗಾಡಿಯ ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತಿರುವವಳು ಒತಿಲಿಯಾ. ನೆರೇಯ್ದಾಳ ಜೊತೆ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇರುವವಳು. ನೆರೇಯ್ದಾ ಕೊನೆಯ ಗಿರಾಕಿಯೊಡನೆ ನೀಲಿ ಮೆಟ್ಟಿಲಿನ ಹೋಟೆಲು ಹತ್ತಿದ್ದನ್ನು ಅವಳೇ ನೋಡಿದ್ದಾಳೆ. ನೆರೇಯ್ದಾಳ ಫೋನು ಈಗ ಸತ್ತಂತಿದೆ.

ಏಳೂಕಾಲಿಗೆ ಎರ್ಮೆಲಿಂದಾ ಏಪ್ರನ್ನಿಗೆ ಕೈ ಒರೆಸಿಕೊಂಡು ಆ ಹೋಟೆಲಿಗೆ ಹೊರಡುತ್ತಾರೆ. ನಾನೂ ಹಿಂದೆ ಹೋಗುತ್ತೇನೆ. ಕೌಂಟರಿನಲ್ಲಿ ಎಫ್ರಾಯಿನ್ ಎಂಬ ತರುಣ, ಈಗಷ್ಟೇ ಪಾಳಿಗೆ ಬಂದವನು. ತನ್ನ ಬೆನ್ನ ಹಿಂದಿನ ಹಲಗೆ ತೋರಿಸುತ್ತಾನೆ. ಅಲ್ಲೂ ಮೊಳೆಗಳು, ಮೊಳೆಗಳಲ್ಲಿ ಬೀಗದ ಕೈಗಳು.

"ನೋಡಿ ದೋನ್ಯಾ, ಮೇಲಿನ ಮಹಡಿಯ ಕೀಗಳೆಲ್ಲ ವಾಪಸ್ ಬಂದಿವೆ. ಕೀ ಬಂತು ಅಂದ್ರೆ ರೂಮು ಖಾಲಿ. ಕ್ಲೀನ್ ಮಾಡೋರು ಹತ್ತಕ್ಕೆ ಬರ್ತಾರೆ."

"ಕೀ ಯಾರು ತಂದುಕೊಟ್ಟಿದ್ದು?"

"ನಾನಿರಲಿಲ್ಲ."

"ಒಂದು ಸಲ ಮೇಲೆ ಹತ್ತಿ ನೋಡ್ಲಾ ಮಗನೇ?"

"ನನ್ನ ಕೆಲಸ ತೆಗೀತಾರೆ ದೋನ್ಯಾ. ಮಲಗಿರೋ ಗಿರಾಕಿಗಳಿದ್ದಾರೆ."

ಅವರು ಮೆಟ್ಟಿಲುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಮೇಲಿನ ಯಾವ ಸದ್ದೂ ಕೆಳಕ್ಕೆ ಕೇಳಿಸುವುದಿಲ್ಲ. ಈ ಹಲಗೆ ಕೋಣೆ ಖಾಲಿ ಎನ್ನುತ್ತದೆ, ಆ ಹಲಗೆ ಅವಳು ಇನ್ನೂ ಒಳಗಿದ್ದಾಳೆ ಎನ್ನುತ್ತದೆ.

ಗಾಡಿಗೆ ಮರಳಿದಾಗ ಒತಿಲಿಯಾ ಎದ್ದು ನಿಂತಿರುತ್ತಾಳೆ. ಕಣ್ಣ ಕಾಡಿಗೆ ಕೆನ್ನೆಗೆ ಇಳಿದಿದೆ. "ಇವತ್ತು ಭಾನುವಾರ ಅಲ್ವಾ, ಎನ್ಸೆನಾದಕ್ಕೆ ಅಮ್ಮನ ಮನೆಗೆ ಬೆಳಗಿನ ಬಸ್ಸಿಗೇ ಹೋಗಿರ್ತಾಳೆ ಬಿಡಿ. ಲೋಟ ಮರೆತಿರ್ತಾಳೆ. ನಾನೇ ಇಳಿಸಿ ತೊಳೆದಿಡ್ತೀನಿ. ನಿಮ್ಮ ಕಾಲು ನೋಡಿ, ಹೇಗೆ ಊದಿದೆ. ಮನೆಗೆ ಹೋಗಿ ದೋನ್ಯಾ."

ಅವಳ ಕೈ ಹಲಗೆಯ ಕಡೆ ಚಾಚುತ್ತದೆ.

"ಮುಟ್ಟಬೇಡ!"

ಒತಿಲಿಯಾ ಕೈ ಹಿಂದಕ್ಕೆ ಎಳೆದುಕೊಂಡು ಕುಳಿತುಬಿಡುತ್ತಾಳೆ. ಎರ್ಮೆಲಿಂದಾ ಖಾಲಿ ಲೋಟಗಳನ್ನು ತೊಳೆಯಲು ಬಗ್ಗುತ್ತಾರೆ. ಬಕೆಟ್ಟಿಗೆ ಹೇಳುವಂತೆ ಮಾತನಾಡುತ್ತಾರೆ.

"ಆಗ ಈ ಗಾಡಿ ಮುದುಕಿ ಪೆತ್ರಾದು. ಲೋಟ ತಗುಲಿಸೋದು ಬರೀ ಅಭ್ಯಾಸ, ಅದಕ್ಕೊಂದು ಅರ್ಥ ಇರಲಿಲ್ಲ. ಚಾಯೋ ಅಂತ ನನ್ನ ಗೆಳತಿ. ನಾವಿಬ್ರೂ ಒಂದೇ ಬಸ್ಸಲ್ಲಿ ಈ ಊರಿಗೆ ಬಂದಿದ್ದು. ಒಂದು ಬೆಳಗ್ಗೆ ಅವಳ ಲೋಟ ಒಂದೇ ಉಳಿದಿತ್ತು. ಪಾಪ, ದಣಿದು ನೇರ ಮನೆಗೆ ಹೋಗಿರ್ತಾಳೆ ಅಂತ ನಾನೇ ಇಳಿಸಿದೆ. ತೊಳೆದೆ. ಬಟ್ಟೆಯಲ್ಲಿ ಒರೆಸಿ ಬೋರಲು ಹಾಕಿದೆ. ಸಂಜೆ ಪೆತ್ರಾ ನೋಡಿದ್ಲು, ಲೋಟ ತೊಳೆದಿದೆ, ಹುಡುಗಿ ಬಂದು ಹೋಗಿದ್ದಾಳೆ ಅಂದ್ಕೊಂಡ್ಲು. ಎಲ್ರೂ ಹಾಗೇ ಅಂದ್ಕೊಂಡ್ರು. ಎರಡು ದಿನ."

ಮುಂದಿನ ಲೋಟಕ್ಕೆ ಕೈ ಹಾಕುತ್ತಾರೆ. ಚಾಯೋಳ ಶವ ಸಿಕ್ಕಿದ ಕೋಣೆಯ ಹಾಸಿಗೆ ಬಟ್ಟೆ ಬದಲಾಯಿಸಲು ಯಾರನ್ನು ಕಳಿಸಿದರು ಎಂದು ನಾನು ಆಮೇಲೆ ಬೇರೆಯವರಿಂದ ಕೇಳಿ ತಿಳಿದೆ. ಆ ತಿಂಗಳೇ ಎರ್ಮೆಲಿಂದಾ ಹೋಟೆಲಿನ ಕೆಲಸ ಬಿಟ್ಟು ಪೆತ್ರಾಳ ಗಾಡಿಗೆ ಸೇರಿದರು. ಪೆತ್ರಾ ಸತ್ತ ಮೇಲೆ ಗಾಡಿ ಇವರ ಕೈಗೆ ಬಂತು. ಅಂದಿನಿಂದ ಹಲಗೆಯ ಕೊನೆಯ ಲೋಟ ಇಳಿಯುವ ತನಕ ತಮ್ಮ ಕಾಫಿಯನ್ನು ಅವರು ಸುರಿದುಕೊಂಡಿಲ್ಲ. ಅವರ ಲೋಟ ಬಿಳಿಯದು. ಗಾಡಿಯ ಮೂಲೆಯಲ್ಲಿ ಬೋರಲಾಗಿ ಒಣಗಿ ಕುಳಿತಿದೆ.

ಎಂಟೂವರೆಗೆ ಗಡಿಯ ಕಡೆಯಿಂದ ಚೌಕಳಿ ಅಂಗಿಯ ದಪ್ಪ ಮನುಷ್ಯನೊಬ್ಬ ಬೀಸುಗಾಲಲ್ಲಿ ಬರುತ್ತಾನೆ. ಹೆಸರು ವೆಂಡೆಲ್ ಎಂದು ತಾನೇ ಹೇಳುತ್ತಾನೆ, ಯಾರೂ ಕೇಳದಿದ್ದರೂ. ನಿನ್ನೆ ಸಂಜೆ ಇವರ ಬುದ್ಧಿಮಾತುಗಳನ್ನೆಲ್ಲ ನಿಂತು ಕೇಳಿದ್ದವನು. ಗಡಿಯ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು, ತನ್ನ ಸರದಿ ಬರುವ ಹೊತ್ತಿಗೆ ಸಾಲು ಬಿಟ್ಟು ವಾಪಸಾಗಿದ್ದಾನೆ. ಬೆವರುತ್ತಿದ್ದಾನೆ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎರಡು ಸಲ ತಿರುಗಿ ನೋಡುತ್ತಾನೆ.

"ಅಮ್ಮಾ, ನೀವು ಹೇಳಿದ್ರಲ್ಲ, ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ ಅಂತ. ಆ ನೀಲಿ ಮೆಟ್ಟಿಲಿನ ಹೋಟೆಲ್ಲು. ನನ್ನ ಪಕ್ಕದ ರೂಮಲ್ಲಿ ಗೋಡೆ ಬಡೀತಿತ್ತು. ರಾತ್ರಿ ಕೌಂಟರಲ್ಲಿದ್ದವನು ಪೈಪು ಸದ್ದು ಮಾಡುತ್ತೆ ಅಂದ. ನಾನೂ ಆಯ್ತು ಅಂತ ಬಂದೆ. ಹೆಂಡತಿಗೆ ಗೊತ್ತಾದ್ರೆ ಅನ್ನೋ ಭಯ ನನಗೆ." ಅಂಗಿಯ ತೋಳಿನಲ್ಲಿ ಹಣೆ ಒರೆಸಿಕೊಳ್ಳುತ್ತಾನೆ. "ಆದ್ರೆ ಅಮ್ಮಾ, ನಾನು ಇಪ್ಪತ್ತು ವರ್ಷದಿಂದ ಪೈಪು ಕೆಲಸಾನೇ ಮಾಡೋನು. ಪೈಪು ಮೂರು ಸಲ ಬಡಿದು, ನಿಂತು, ಯಾರಾದ್ರೂ ಕೇಳಿಸ್ಕೊಂಡ್ರಾ ಅಂತ ಕಾಯೋದಿಲ್ಲ."

"ಎಷ್ಟನೇ ರೂಮು?"

"ನಂದು ಹದಿನೇಳು. ಅದು ಹದಿನೆಂಟು."

ಎರ್ಮೆಲಿಂದಾ ಸೌಟು ಕೈಯಲ್ಲಿ ಹಿಡಿದೇ ನಡೆಯುತ್ತಾರೆ. ಒತಿಲಿಯಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡುತ್ತಾಳೆ. ಬಾರಿನ ಮುಂದೆ ಗುಡಿಸುತ್ತಿದ್ದ ಇಬ್ಬರು ಹೆಂಗಸರು ಪೊರಕೆ ಸಮೇತ ಸೇರಿಕೊಳ್ಳುತ್ತಾರೆ. ಎರ್ಮೆಲಿಂದಾ ಹದಿನೆಂಟು ಎಂದದ್ದೇ ಎಫ್ರಾಯಿನ್ ಎದ್ದು ನಿಂತು ಹಲಗೆಗೆ ಬೆರಳು ತೋರಿಸುತ್ತಾನೆ. "ಹದಿನೆಂಟರ ಕೀ ಇಲ್ಲೇ ಇದೆಯಲ್ಲ!"

"ಕೀ ತಂದಿಟ್ಟ ಕೈ ಯಾವುದು ಅಂತ ಗೊತ್ತೇನೋ ನಿನಗೆ? ತಗೊ ಅದನ್ನ. ನಡಿ."

ಬಾಗಿಲು ತೆರೆದಾಗ ನೆರೇಯ್ದಾ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಾಳೆ. ಕೈಯಲ್ಲಿ ಒಂದು ಚಪ್ಪಲಿ. ಗೋಡೆಯಲ್ಲಿ ಅದರ ಹಿಮ್ಮಡಿ ಬಡಿದ ಗುಳಿಗಳು. ತುಟಿ ನೀಲಿಯಾಗಿದೆ. ಅವಳಿಗೆ ಉಬ್ಬಸವಿದೆ. ಎಳೆಯುವ ಔಷಧಿ ಚೀಲದಲ್ಲಿತ್ತು, ಫೋನೂ ಅದರಲ್ಲೇ ಇತ್ತು. ಚೀಲ ಕಸಿದುಕೊಂಡವನು ಹೊರಗಿನಿಂದ ಬೀಗ ಹಾಕಿ, ಕೀಯನ್ನು ಸಭ್ಯನಂತೆ ಕೌಂಟರಿನಲ್ಲಿಟ್ಟು ಹೋಗಿದ್ದಾನೆ. ಕೂಗಲು ಉಸಿರಿಲ್ಲದೆ ಅವಳು ನಾಲ್ಕು ಗಂಟೆ ಹೊತ್ತು ಗೋಡೆ ಬಡಿದಿದ್ದಾಳೆ.

ಒತಿಲಿಯಾ ಬರಿಗಾಲಲ್ಲೇ ಔಷಧಿ ಅಂಗಡಿಗೆ ಓಡಿ ಔಷಧಿ ತರುತ್ತಾಳೆ. ಎರ್ಮೆಲಿಂದಾ ನೆರೇಯ್ದಾಳ ಬೆನ್ನನ್ನು ತಮ್ಮ ಎದೆಗೆ ಆನಿಸಿಕೊಂಡು ಕೂರುತ್ತಾರೆ. "ಎಳ್ಕೊ ಮಗಳೇ. ಇನ್ನೊಂದು ಸಲ. ಮಾತಾಡಬೇಡ, ಎಳ್ಕೊ." ಕೋಣೆಯಲ್ಲಿ ಉಸಿರಿನ ಸೀಟಿಯೊಂದೇ ಸದ್ದು.

ಡಾಕ್ಟರು ನೋಡಿ, ದೂರು ಬರೆದುಕೊಳ್ಳುವವರು ಬರೆದುಕೊಂಡು, ಎಲ್ಲ ಮುಗಿಯುವಾಗ ಹನ್ನೊಂದು ಗಂಟೆ. ಆ ಗಿರಾಕಿ ಯಾರೆಂದು ತಿಳಿದಿಲ್ಲ. ಬೂದು ಬಣ್ಣದ ಟೋಪಿ ಹಾಕಿದ್ದ ಎಂಬುದಷ್ಟೇ ಗೊತ್ತು. ಅವನು ಗಡಿ ದಾಟಿದನೋ, ಎರಡು ಬೀದಿಯಾಚೆ ತಿಂಡಿ ತಿನ್ನುತ್ತಿದ್ದಾನೋ ಯಾರು ಹೇಳಬೇಕು? ಬೀದಿಯ ಬಿಸಿಲಿನಲ್ಲಿ ಹೋಗುವ ಪ್ರತಿ ಟೋಪಿಯನ್ನೂ ಹೆಂಗಸರು ತಿರುಗಿ ನೋಡುತ್ತಿದ್ದಾರೆ.

ಕಂಬಳಿ ಹೊದ್ದು ನೆರೇಯ್ದಾ ಗಾಡಿಯ ಬಳಿಗೆ ಬರುತ್ತಾಳೆ. ನಿಲ್ಲಲು ಒತಿಲಿಯಾಳ ಭುಜ ಬೇಕಾಗಿದೆ. ಮತ್ತೆ ಸಾಲಿಗೆ ಹೋಗಲು ಹೊರಟಿದ್ದ ವೆಂಡೆಲ್ ಪಾಪ ಎನಿಸಿ, ತಾನೇ ಹಸಿರು ಲೋಟ ಇಳಿಸಿಕೊಡಲು ಮುಂದಾಗುತ್ತಾನೆ. ಎರ್ಮೆಲಿಂದಾ ಸೌಟನ್ನು ಅವನ ಕೈಗೆ ಅಡ್ಡ ಹಿಡಿಯುತ್ತಾರೆ.

"ಬೇಡ ಬಿಳಿಯಣ್ಣ. ಅವಳೇ ಇಳಿಸ್ಲಿ."

ಮೊದಲ ಸಲ ಬೆರಳಿಗೆ ಸಿಗುವುದಿಲ್ಲ. ಲೋಟ ಮೊಳೆಗೆ ತಾಗಿ ಗಲಗಲ ಎನ್ನುತ್ತದೆ. ಎರಡನೇ ಸಲ ನೆರೇಯ್ದಾ ಎರಡೂ ಕೈ ಎತ್ತಿ ಇಳಿಸಿಕೊಳ್ಳುತ್ತಾಳೆ. ಕಾಫಿ ಎರಡು ಗುಟುಕಿಗಿಂತ ಹೆಚ್ಚು ಒಳಗೆ ಇಳಿಯುವುದಿಲ್ಲ. ಆದರೂ ಲೋಟವನ್ನು ತಾನೇ ಬಕೆಟ್ಟಿಗೆ ಹಾಕುತ್ತಾಳೆ.

ಏನಾದರೂ ಆಸೆಯಿದೆಯೇ ಎಂದು ನಾನು ಕೇಳುತ್ತೇನೆ. ಇಂಥ ಲೇಖನಗಳಿಗೆ ಕೇಳಲೇಬೇಕಾದ ಪ್ರಶ್ನೆ. ಎರ್ಮೆಲಿಂದಾ ಹಲಗೆಯ ಕಡೆ ನೋಡುತ್ತಾರೆ.

"ಆ ಹೋಟೆಲಿನ ಹುಡುಗನಿಗೆ ಹೇಳಿದ್ದೀನಿ. ಇನ್ಮೇಲೆ ಕೀ ಬಂದ ತಕ್ಷಣ ಹೋಗಿ ಬಾಗಿಲು ತೆಗೆದು ನೋಡಬೇಕು ಅಂತ. ಅವನು ಹೂಂ ಅಂದ. ಅಷ್ಟು ಮಾಡಿದ್ರೆ ಸಾಕು ನನಗೆ."

ಬಿಳಿ ಲೋಟವನ್ನು ಸೀದಾ ಮಾಡಿ ಮಡಕೆಯ ತಳದಲ್ಲಿ ಉಳಿದ ಕಾಫಿ ಸುರಿದುಕೊಳ್ಳುತ್ತಾರೆ. ಅದು ಆರಿ ತಣ್ಣಗಾಗಿದೆ, ಚಕ್ಕೆಯ ಚೂರು ತೇಲುತ್ತಿದೆ. ಅವರು ಗೋಡೆಗೆ ಒರಗಿ, ಖಾಲಿ ಮೊಳೆಗಳನ್ನು ಒಂದರಿಂದ ಮೂವತ್ತಾರರ ತನಕ ಕಣ್ಣಲ್ಲೇ ಮುಟ್ಟಿ, ಆಮೇಲೆ ಕುಡಿಯುತ್ತಾರೆ.

"ಸಂಜೆ ಆರಕ್ಕೆ ಬನ್ನಿ. ನೆರೇಯ್ದಾಳ ಮೊಳೆ ಒಂದು ವಾರ ಖಾಲಿ ಇರುತ್ತೆ. ನೋಡಿ ಹೆದರ್ಕೋಬೇಡಿ, ಅವಳು ಅಮ್ಮನ ಮನೇಲಿರ್ತಾಳೆ."