ಅವ್ವಾರ ಮನೆಯ ಕರಿ ಶೇರ್ವಾನಿ

ನಾನು ಶಾಲೆ ಬಿಟ್ಟದ್ದು ೧೯೩೯ರಲ್ಲಿ, ಮ್ಯಾಟ್ರಿಕ್ ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿರುವಾಗ. ಇವತ್ತಿಗೂ ಉಣ್ಣೆ ಬಟ್ಟೆಯ ಮಡಿಕೆಯೊಳಗಿಂದ ಒಣಗಿದ ಬೇವಿನೆಲೆಯ ಕಹಿ ವಾಸನೆ ಬಂದರೆ ಸಾಕು, ಹೊಲಿಗೆ ಯಂತ್ರ ತುಳಿಯುತ್ತಿರುವ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಅದು ಕೊಪ್ಪಳದ ಅವ್ವಾರ ಮನೆಯ ವಾಸನೆ. ನಿಮಗೂ ಅಂಥದೊಂದು ಮನೆ ಇದ್ದೀತು, ಈಗ ವಾಸನೆಯಲ್ಲಿ ಮಾತ್ರ ಉಳಿದಿರುವಂಥದ್ದು.

ಅವ್ವಾರೆಂದರೆ ಹತ್ತಿ, ಶೇಂಗಾ ದಲಾಲಿ ಅಂಗಡಿಯ ಒಡತಿ ಗೌರಮ್ಮನವರು. ಅಪ್ಪ ಅವರ ಮನೆಯ ಸಿಂಪಿಗ. ಅವರ ಒಬ್ಬನೇ ಮಗ ಓದಲು ಹೈದರಾಬಾದಿಗೆ ಹೊರಟಾಗ ಅಲ್ಲಿನ ಕಾಲೇಜಿಗೆ ತೊಡುವ ಕರಿ ಶೇರ್ವಾನಿ ಹೊಲಿದವನು ಅಪ್ಪನೇ. ಅದನ್ನು ತೊಡುವ ಮೊದಲೇ ಆ ಹುಡುಗ ಜ್ವರದಿಂದ ತೀರಿಕೊಂಡ. ಆಮೇಲೆ ಅವ್ವಾರು ಮಗನ ಬದಲಿಗೆ ಸುತ್ತಲಿನ ಬಡವರ ಮಕ್ಕಳನ್ನು ಓದಿಸತೊಡಗಿದರು. ಒಬ್ಬ ಓದು ಮುಗಿಸಿ ಬಂದ ಮೇಲೆ ಇನ್ನೊಬ್ಬ. ಫೀಜು, ಪುಸ್ತಕ, ಹಾಸ್ಟೆಲ್ಲಿನ ಊಟ, ರೈಲಿನ ಖರ್ಚು, ಎಲ್ಲಾ ಅವರದೇ. ತಿರುಗಿ ಕೇಳುತ್ತಿದ್ದುದು ಒಂದೇ: ಹೋಗುವ ಹುಡುಗ ಆ ಶೇರ್ವಾನಿ ತೊಟ್ಟು ಪಡಸಾಲೆಯಲ್ಲಿ ನಿಲ್ಲಬೇಕು, ಕೊರಳ ಗುಂಡಿಯನ್ನು ಅವ್ವಾರೇ ಹಾಕಬೇಕು. ಓದು ಮುಗಿದ ಮೇಲೆ ಅದು ಬೇವಿನೆಲೆಯ ಪೆಟ್ಟಿಗೆಗೆ ಮರಳಬೇಕು.

ಮೊದಲು ಯಲಬುರ್ಗಾದ ಒಬ್ಬ ಹೋಗಿ ಬಂದ. ಮುಂದಿನ ಸರದಿ ನನ್ನದೆಂದು ಅವ್ವಾರು ಹೇಳಿದ ದಿನ ಅಪ್ಪ ನನ್ನನ್ನು ನಿಲ್ಲಿಸಿ ಅಳತೆ ತೆಗೆದ, ಶೇರ್ವಾನಿಯ ಒಳಮೈ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಕತ್ತರಿ ಹಿಡಿಯುವ ಮೊದಲೇ ಲಕ್ವಾ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಮನೆಯಲ್ಲಿ ಅವ್ವ, ಇಬ್ಬರು ತಂಗಿಯರು. ಹೈದರಾಬಾದಿನಲ್ಲಿ ನನ್ನ ಹೊಟ್ಟೆ ತುಂಬುತ್ತಿತ್ತು, ನಿಜ. ಇವರ ಹೊಟ್ಟೆ?

ಅವ್ವಾರೇ ನಮ್ಮ ಬಾಗಿಲಿಗೆ ಬಂದರು. "ನೀ ಹೋಗೋ ತಮ್ಮಾ. ಮನಿಗೆ ಜೋಳ ನಾ ಕಳಸ್ತೀನಿ."

"ಜೋಳ ಬ್ಯಾಡ್ರೀ ಅವ್ವಾರ," ಅಂದೆ. "ಹೊಲಿಗಿ ಕೊಡ್ರಿ."

ಜೊತೆಯ ಹುಡುಗರ ಪರೀಕ್ಷೆ ಮುಗಿದ ಮೇಲೆ ಅವ್ವಾರ ಆಳಿನ ಕೈಯಲ್ಲಿ ಶೇರ್ವಾನಿ ಬಂತು. ನನ್ನ ಜಾಗಕ್ಕೆ ಆಯ್ಕೆಯಾದವನು ನನ್ನ ಗೆಳೆಯ, ತಳಕಲ್ಲಿನ ಹನುಮಂತ. ಅಪ್ಪ ಎಳೆದಿದ್ದ ಗೆರೆಗಳನ್ನು ನಾನೇ ಝಾಡಿಸಿ, ಹನುಮಂತನ ಅಳತೆಗೆ ಹೊಸ ಗೆರೆ ಎಳೆದೆ. ಅಪ್ಪ ಹಾಸಿಗೆಯಿಂದಲೇ ತೊದಲುತ್ತ ಕೂಗಿದ: "ತೋಳಿನಾಗ ಒಂದೀಟ ಬಟ್ಟಿ ಒಳಗ ಬಿಡಲೇ. ಬೆಳಿಯೂ ಹುಡುಗ ಅದಾನ."

ಹೊರಡುವ ದಿನ ಹನುಮಂತ ಪಡಸಾಲೆಯಲ್ಲಿ ನಿಂತ. ಅವ್ವಾರು ಸುತ್ತ ಒಂದು ಸಲ ತಿರುಗಿ ನೋಡಿದರು. "ಬೆದರಗೊಂಬಿಗೆ ತೊಡಿಸಿದಂಗ ಐತೆಲ್ಲೋ! ನಾಲ್ಕ ರೊಟ್ಟಿ ಹೆಚ್ಚಿಗಿ ತಿನ್ನಪಾ."

"ನನ್ನ ತಪ್ಪಲ್ರೀ ಅವ್ವಾರ, ಈ ಸಿಂಪಿಗನ ತಪ್ಪ," ಎಂದು ಅವನು ನನ್ನ ಕಡೆ ಬೆರಳು ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವ್ವಾರು ಕೊರಳ ಗುಂಡಿ ಹಾಕಿದರು.

ಹನುಮಂತ ವಕೀಲನಾದ. ಅವನ ನಂತರ ಕುಷ್ಟಗಿಯ ಹುಡುಗನೊಬ್ಬ ಹೋದ. ಬಿಚ್ಚಿ, ಕೂಡಿಸಿ, ಅವನ ಮೈಗೂ ಹೊಂದಿಸಿದವನು ನಾನೇ. ನಮ್ಮ ಮನೆಯವರು ಉಪವಾಸ ಬೀಳಲಿಲ್ಲ, ತಂಗಿಯರ ಮದುವೆಯೂ ಆಯಿತು. ಅಷ್ಟರಲ್ಲಿ ಹೈದರಾಬಾದ್ ಸಂಸ್ಥಾನದ ವಿಲೀನದ ಗಲಾಟೆ ಶುರುವಾಗಿ ಓದುವ ಹುಡುಗರೆಲ್ಲ ಊರಿಗೆ ಮರಳಿದರು. ಅವ್ವಾರ ಅಂಗಡಿಯ ಬಾಗಿಲೂ ಮುಚ್ಚಿತು. ಒಂದು ಮಧ್ಯಾಹ್ನ ಅವರು ನನ್ನನ್ನು ಕರೆಸಿದರು. ತಾವೇ ಪೆಟ್ಟಿಗೆ ತೆಗೆದು ಬೇವಿನೆಲೆ ಕೊಡವಿದರು.

"ಈ ವರ್ಷ ಹೋಗವರು ಯಾರೂ ಇಲ್ಲ. ನೀ ತೊಡು, ನೋಡ್ತೀನಿ."

ತೊಟ್ಟೆ. ಮಂಜಾದ ಕಣ್ಣಿನಿಂದ ಹತ್ತಿರ ಬಂದು ಭುಜ ಸವರಿದರು. "ಇಲ್ಲಿ ಬಿಗಿ ಆಗೈತಲ್ಲೋ."

"ದುಡದ ಭುಜ ರೀ ಅವ್ವಾರ."

"ಹೌದಪಾ," ಎಂದರು. ಕೊರಳ ಗುಂಡಿ ಹಾಕಿದರು. ಹಾಕಿದ ಮೇಲೂ ಬಹಳ ಹೊತ್ತು ಅದರ ಮೇಲಿಂದ ಕೈ ತೆಗೆಯಲಿಲ್ಲ. ಬಿಚ್ಚಿ ಮಡಚಲು ಹೋದಾಗ, "ಪೆಟ್ಟಿಗ್ಯಾಗ ಇಡಬ್ಯಾಡ. ನಿನ್ನ ಮನಿಗೆ ಒಯ್ಯಿ," ಅಂದರು.

ಆ ಚಳಿಗಾಲ ಅವರು ತೀರಿಹೋದರು. ಪಡಸಾಲೆ ಇದ್ದಲ್ಲಿ ಈಗ ಯಾರದೋ ಗೋದಾಮು ಇದೆ.

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನನಗೆ ಎರಡು ಕೋಣೆಯ ಮನೆಯಿದೆ. ಎರಡು ಹೊಲಿಗೆ ಯಂತ್ರ, ಅಪ್ಪನ ಒಂದು ಕತ್ತರಿ, ಒಂದು ಶೇರ್ವಾನಿ.