ಗಾಡಿ ಚಾಲೂ ಇಡುವ ವಿಷಯ

ಮಾನ್ಯ ಓದುಗರಲ್ಲಿ ಸವಿನಯ ವಿನಂತಿ. ನನ್ನ ಅಕ್ಷರ ಅಂದವಾಗಿಲ್ಲ. ಒತ್ತಕ್ಷರ ಬಂದಲ್ಲಿ ಕೈ ತಡವರಿಸುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳು ಅದಲುಬದಲಾಗಿರುವ ಸಂಭವವೂ ಇದೆ. ಮುಂಬಯಿ ಪಕ್ಕದ ಠಾಣೆ ಊರಿನ ಕಚೇರಿಯೊಂದರಲ್ಲಿ ಇಷ್ಟು ವರ್ಷ ಮರಾಠಿ ಮತ್ತು ಇಂಗ್ಲಿಷ್ ಪತ್ರಗಳನ್ನೇ ಬರೆದವಳು ನಾನು. ಕನ್ನಡದಲ್ಲಿ ಪುಟ ತುಂಬಿಸುತ್ತಿರುವುದು ಇದೇ ಮೊದಲು. ಆದುದರಿಂದ ಕ್ಷಮೆ ಇರಬೇಕು.

ವಿಷಯವು ನನ್ನ ತಮ್ಮನ ಕಾರಿಗೆ ಸಂಬಂಧಿಸಿದ್ದು. ತಮ್ಮ ಹಡಗಿನಲ್ಲಿ ಎಂಜಿನಿಯರ್. ವರ್ಷದ ಬಹುಭಾಗ ಸಮುದ್ರದ ಮೇಲಿರುತ್ತಾನೆ. ಆಸೆಪಟ್ಟು ಕೊಂಡ ಹಳೆಯ ಜಪಾನೀ ಸ್ಪೋರ್ಟ್ಸ್ ಕಾರನ್ನು ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯ ಕಟ್ಟಡದಡಿ ಕಂಬಗಳ ನಡುವೆ ನಿಲ್ಲಿಸಿ ಹೋಗುತ್ತಾನೆ. ಸದರಿ ಕಾರಿನ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ; ಮೂರು ಮೂಲೆಯ ರೋಟರ್ ಒಳಗೇ ಗಿರಗಿರನೆ ಸುತ್ತುತ್ತದೆ.

ಅವ್ವ ತೀರಿಕೊಂಡ ಮೇಲೆ ಅಪ್ಪ ವಿಜಯಪುರದಿಂದ ನನ್ನ ಮನೆಗೆ ಬಂದರು. ಇಲ್ಲಿ ಅವರಿಗೆ ಮಾಡಲು ಕೆಲಸವೇ ಇರಲಿಲ್ಲ. ತಮ್ಮ ಹೊರಡುವಾಗ ಕೀಲಿಯನ್ನು ಅವರ ಕೈಗಿತ್ತು, "ಅಪ್ಪಾ, ಗಾಡಿ ಚಾಲೂ ಇಡು ಮತ್ತ" ಎಂದಿದ್ದ.

ಅಂದಿನಿಂದ ಅಪ್ಪನ ಬೆಳಗಿಗೊಂದು ಕ್ರಮ ಬಂದಿತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೆಳಗಿಳಿದು ಕಾರನ್ನು ಒರೆಸುವರು. ಒಳಗೆ ಕೂತು ಸ್ಟಾರ್ಟ್ ಮಾಡುವರು. ಎಂಜಿನ್ ದನಿ ತೆಗೆಯಿತೆಂದರೆ ಸಾಕು, ಸುಮ್ಮನೆ ಪೆಟ್ರೋಲ್ ಯಾಕೆ ಸುಡುವುದೆಂದು ಬಂದ್ ಮಾಡುವರು.

"ಬಾಬಾ, ಆಜ್ ಭೀ ಜಹಾಜ್ ಉಡಾ ನಹೀಂ?" ಎಂದು, ಇವತ್ತೂ ವಿಮಾನ ಹಾರಲಿಲ್ಲವೇ ಎಂದು ವಾಚ್‌ಮನ್ ಹಿಂದಿಯಲ್ಲಿ ಕಾಡುತ್ತಿದ್ದ.

"ಲಡಕಾ ಆನೇ ದೋ, ಫಿರ್ ದೇಖ್," ಮಗ ಬರಲಿ, ಆಮೇಲೆ ನೋಡು, ಎನ್ನುವರು ಅಪ್ಪ. ಮಗ ಬಂದಾಗ ಅದೇ ಕಾರಿನಲ್ಲಿ ಟಿಟ್ವಾಳಾದ ಗಣಪತಿಗೆ ಹೋಗುವುದೆಂದು ತಂದೆ ಮಕ್ಕಳಲ್ಲಿ ಮಾತಾಗಿತ್ತು.

ತಮ್ಮ ರಜೆಯ ಮೇಲೆ ಬಂದ. ಸ್ಟಾರ್ಟ್ ಮಾಡಿದರೆ ಕಾರು ನಿಂತಲ್ಲೇ ಚಳಿಜ್ವರ ಬಂದಂತೆ ನಡುಗಿತು. ಸುತ್ತ ಪೆಟ್ರೋಲ್ ವಾಸನೆ.

"ಅಕ್ಕಾ, ಕೇಳಿಲ್ಲಿ. ಹೊಸದಾಗಿ ರೊಟ್ಟಿ ಬಡಿಯಾಕ ಕಲ್ತೋರ ಗತೆ ಬಡಕೊಳ್ಳಾಕತ್ತೈತಿ."

ಪೈಪುಗಳಲ್ಲಿ ಎಲ್ಲಿಯೂ ಸೋರಿಕೆ ಕಾಣಲಿಲ್ಲ. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಪೆಟ್ರೋಲಿನಲ್ಲಿ ತೊಯ್ದಿದ್ದವು. ಒಣಗಿಸಿ ಹಾಕಿದ. ನವಿ ಮುಂಬಯಿಯ ಗ್ಯಾರೇಜಿಗೆ ಒಯ್ದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆಸಿದ. ಅಲ್ಲಿಂದ ಬರುವಾಗ ಚೆನ್ನಾಗಿಯೇ ಓಡಿದ ಕಾರು ಕೆಲವೇ ದಿನಗಳಲ್ಲಿ ಮತ್ತೆ ನಡುಗಿತು. ರಾತ್ರಿ ಊಟಕ್ಕೆ ಕೂತಾಗ, "ಒಳಗ ರೋಟರಿನ ಸೀಲ್ ಸವದಿರಬೇಕು. ಹಂಗಿದ್ರ ಮಾರೂದ ಛಲೋ," ಎಂದ.

ಅಪ್ಪ ಕೇಳಿಸಿಕೊಂಡರು. ಮಾರನೆಯ ದಿನದಿಂದ ಸಂಜೆಯೂ ಒಮ್ಮೆ ಕೆಳಗಿಳಿದು ಸ್ಟಾರ್ಟ್ ಮಾಡತೊಡಗಿದರು. ತಮ್ಮ ಏಳುವುದು ತಡ, ಸಂಜೆ ಗೆಳೆಯರ ಮನೆ. ಅವನಿಗೆ ಇದು ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಅದೇ ಸರಿಯಾದ ಕ್ರಮವೆಂದು ನಾನೂ ಭಾವಿಸಿದ್ದರಿಂದ ಹೇಳಬೇಕೆಂದು ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ತಮ್ಮ ಬೇಗ ಎದ್ದು ಚಹಾ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದ. ಎಂಜಿನ್ ಶಬ್ದ ಹುಟ್ಟಿ, ಕೂಡಲೇ ನಿಂತುದನ್ನು ಕೇಳಿ ಮೆಟ್ಟಿಲಿಳಿದು ಓಡಿದ. ನಾನು ಹಿಂದೆಯೇ ಹೋದೆ.

"ಅಪ್ಪಾ! ಏನ್ ಮಾಡಾಕತ್ತೀ?"

"ನೀನ ಹೇಳಿದ್ಯಲ್ಲೋ, ಚಾಲೂ ಇಡು ಅಂತ. ದಿನಾ ತಪ್ಪದ ಚಾಲೂ ಮಾಡ್ತೀನಿ."

"ಚಾಲೂ ಇಡು ಅಂದ್ರ ಓಡಸ್ಕೋಂತ ಇರು ಅಂತ! ಡ್ರೈವರ್‌ನ ಕರದು ಒಂದ್ ದೊಡ್ಡ ಸುತ್ತು ಹಾಕ್ಸು ಅಂತ! ತಣ್ಣಗಿದ್ದಾಗ ಇದಕ್ಕ ಪೆಟ್ರೋಲ್ ಜಾಸ್ತಿ ಹೋಗ್ತೈತಿ. ಬಿಸಿ ಆಗೂದ್ರೊಳಗ ಬಂದ್ ಮಾಡಿದ್ರ ಸುಡಂಗಿಲ್ಲ, ಒಳಗ ನಿಂದರತೈತಿ. ದಿನಾ ಕುಡಿಸಿ ಕುಡಿಸಿ ನೀನ ಇದನ್ನ ಮುಳುಗಿಸೀದಿ!"

ವಾಚ್‌ಮನ್ ಕುರ್ಚಿಯಿಂದ ಎದ್ದು ನೋಡುತ್ತಿದ್ದ. ಅವನಿಗೆ ಕನ್ನಡ ಬಾರದು. ಆದರೂ ತಲೆ ತಗ್ಗಿಸಿದ. ಅಪ್ಪ ಕೀಲಿ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಬಾನೆಟ್ ಮೇಲಿಟ್ಟರು.

"ನನಗ ತಿಳೀಲಿಲ್ಲಪಾ," ಎಂದರು.

ತಮ್ಮನ ಮಾತು ನಿಜವಾಗಿತ್ತು. ಪ್ಲಗ್ ಒಣಗಿಸಿ, ಒಳಗೆ ನಿಂತ ಪೆಟ್ರೋಲ್ ಹೊರಹಾಕಿ, ಕಲ್ಯಾಣ-ಶೀಳ್ ರಸ್ತೆಯಲ್ಲಿ ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿ ಬಂದ. ನಡುಕವಿಲ್ಲ, ವಾಸನೆಯಿಲ್ಲ, ಸೀಲೂ ಸವೆದಿರಲಿಲ್ಲ.

"ಅಪ್ಪಾ, ಹತ್ತು. ಟಿಟ್ವಾಳಾಕ್ಕ ಹೋಗೂಣು."

"ಬ್ಯಾಡಪಾ. ಅದರಾಗ ಬಗ್ಗಿ ಕುಂತ್ರ ಸೊಂಟ ಹಿಡೀತೈತಿ. ನಾ ಲೋಕಲ್ ಟ್ರೇನ್‌ನ್ಯಾಗ ಹೋಗ್ತೀನಿ."

ತಮ್ಮ ಎಷ್ಟು ಕೇಳಿಕೊಂಡರೂ ಹತ್ತಲಿಲ್ಲ. ಅವನು ಹಡಗಿಗೆ ಮರಳಿದ್ದಾನೆ, ಕಾರನ್ನು ಮಾರಲಿಲ್ಲ. ಭಾನುವಾರ ಡ್ರೈವರ್ ಬಂದು ಸುತ್ತಾಡಿಸುತ್ತಾನೆ. ಕೀಲಿ ನನ್ನ ಬಳಿ ಇದೆ. ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೇಪರ್ ಹಿಡಿದು ಒಳಗೇ ಕೂರುತ್ತಾರೆ. ಕೆಳಗೆ ಎಂಜಿನ್ ಶಬ್ದವಾದರೆ ಪುಟ ತಿರುಗಿಸುವುದನ್ನು ನಿಲ್ಲಿಸುತ್ತಾರೆ. ಅಂದು ಕೆಳಗೆ ಕೂಗಿ ಹೇಳಿದ ಆ ಮಾತನ್ನು ತಮ್ಮ ಮನೆಯೊಳಗೆ ಬಂದು, ಚಹಾ ಕುಡಿಯುತ್ತ ಹೇಳಬಹುದಿತ್ತು ಎಂದು ಆಗೆಲ್ಲ ನನಗೆ ಅನ್ನಿಸುತ್ತದೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಡಬೇಕೆಂದು ಕೋರುತ್ತೇನೆ. ನಾಲ್ಕು ಜನರ ಎದುರು ಓದಿ ಹೇಳದೆ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದರೆ ಉಪಕಾರವಾಗುತ್ತದೆ.